ಸಾವಿರದ ಏಳನೂರಾ ನಲವತ್ತೆಂಟು

ಗುಳೇದಗುಡ್ಡದಾಗ ಫ್ಲೆಕ್ಸ್ ಹೊಡಿಯೂ ಅಂಗಡಿ ನನ್ನದು.
ಎಂಟು ಬೈ ಆರು ಅಂದ್ರ ನಲವತ್ತೆಂಟು ಚದರಡಿ,
ಹುಟ್ಟುಹಬ್ಬಕ್ಕೂ ಅದ ರೇಟು, ಸಾವಿಗೂ ಅದ ರೇಟು.

ಮುಂಜಾನೆ ಹುಡುಗರು ಬಂದ್ರು,
ಪೆನ್‌ಡ್ರೈವಿನಾಗ ತಮ್ಮ ಸಾಹುಕಾರ್ರನ್ನ ತಂದ್ರು.
ಅಡ್ಡ ಆರು ಸಾವಿರ, ಉದ್ದ ನಾಕು ಸಾವಿರ,
ಗುಣಿಸಿದ್ರ ಎರಡು ಕೋಟಿ ನಲವತ್ತು ಲಕ್ಷ ಚುಕ್ಕಿ.
ಮೀಸಿ ಒಂದೊಂದ ಕೂದಲಾ ಎಣಿಸಬಹುದಿತ್ತು,
ಹಲ್ಲಿನ ಸಂದಿಗೆ ಸಿಕ್ಕ ಅಡಕಿ ಚೂರೂ ಕಾಣ್ತಿತ್ತು.
‘ಅದನ್ನಷ್ಟ ಅಳಸೋ ಮುರ್ತುಜಾ’ ಅಂದ್ರು.
ಅಳಸಿದೆ. ಮೂರು ಸಾವಿರ ಚುಕ್ಕಿ ಹೋದವು,
ಸಾಹುಕಾರ್ರಿಗೆ ಏನೂ ಕಮ್ಮಿ ಆಗಲಿಲ್ಲ.

ಮಧ್ಯಾಹ್ನ ಸುನಂದಾ ಬಂದಳು, ಅಂಬಾಸಾ ಧೋಂಗಡಿಯವರ ಮಗಳು.
ಅಂಬಾಸಾ ಅಂದ್ರ ಖಣದ ಡಿಸೈನಿಗೆ ಗ್ರಾಫ್ ಹಾಳಿ ತುಂಬ್ತಿದ್ದವ್ರು,
ಒಂದು ಮನಿ ಕೆಂಪು, ಒಂದು ಮನಿ ಖಾಲಿ,
ಆನಿಹೆಜ್ಜಿಗೆ ಎಷ್ಟು ಮನಿ ಅಂತ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತಿದ್ರು.
ಹೋಗಿ ಹನ್ನೊಂದು ದಿನ.
ಇರೂದು ಒಂದ ಫೋಟೋ, ಸೊಸಾಯಿಟಿ ಸಭಾದಾಗ
ಯಾರೋ ಹಳೇ ಮೊಬೈಲಿನಾಗ ತಗದದ್ದು:
ಆರನೂರಾ ನಲವತ್ತು ಬೈ ನಾನೂರಾ ಎಂಬತ್ತು,
ಮೂರು ಲಕ್ಷ ಏಳು ಸಾವಿರದ ಇನ್ನೂರು ಚುಕ್ಕಿಯೊಳಗ
ಮೂವತ್ತೊಂದು ಮಂದಿ, ಎರಡು ಫ್ಯಾನು,
ಹಾರ ಹಾಕಿದ ಒಂದು ಖಾಲಿ ಕುರ್ಚಿ.
ಅಂಬಾಸಾ ಮೂರನೇ ಸಾಲು, ಕಂಬದ ಬಾಜೂಕ.

‘ಆಧಾರ್ ಕಾರ್ಡಿಂದು ಇಲ್ಲೇನು?’
‘ಅದನ್ನ ಕಂಡ್ರ ಆಯಿ ಅಂಜತಾಳ.’

ಮಾರಿ ಅಷ್ಟ ಕತ್ತರಿಸಿ ತಗದೆ.
ಅಡ್ಡ ಮೂವತ್ತೆಂಟು, ಉದ್ದ ನಲವತ್ತಾರು.
ಸಾಹುಕಾರ್ರ ಅಡಕಿ ಚೂರಿಗಿಂತ ಸಣ್ಣ ಮನಶ್ಯಾ.
ಎಡಗಣ್ಣಿನ ಗುಡ್ಡಿ ನಾಕು ಚುಕ್ಕಿ,
ಗಲ್ಲದ ಮ್ಯಾಲಿನ ಮಚ್ಚಿ ಒಂದು.

ಕಂಪ್ಯೂಟರಿಗೆ ಹೇಳಿದ್ರ ದೊಡ್ಡದು ಮಾಡಿ ಕೊಡತೈತಿ.
ಅಡ್ಡಕ್ಕೂ ಎಂಟು ಪಟ್ಟು, ಉದ್ದಕ್ಕೂ ಎಂಟು ಪಟ್ಟು,
ಒಟ್ಟಿಗೆ ಎಂಟಲ್ಲ, ಅರವತ್ನಾಕು.
ಗಿರಾಕಿಗೆ ಇದನ್ನ ತಿಳಿಸೂದರಾಗ ನನ್ನ ಅರ್ಧ ಆಯುಷ್ಯ ಹೋಗೈತಿ.
ಸುನಂದಾಗ ತಿಳಿಸೂದು ಬೇಕಾಗಲಿಲ್ಲ,
ಗ್ರಾಫ್ ಹಾಳಿ ಮ್ಯಾಲ ಅಂಬೆಗಾಲಿಟ್ಟಾಕಿ.

ಬಂತು ಮಾರಿ. ನುಣ್ಣಗ.
ರೆಪ್ಪಿಗೆ ಕೂದಲು, ಕಣ್ಣಾಗ ಮಿಂಚು, ಯಾವುದೋ ಧಾರಾವಾಹಿಯ ಮಾವ.
ಮಚ್ಚಿ ಇಲ್ಲ, ಧೂಳಂತ ತಿಳಿದು ಒರಸಿತ್ತು.
ಒಂದು ಲಕ್ಷ ಹನ್ನೊಂದು ಸಾವಿರದ ಎಂಟನೂರಾ ಎಪ್ಪತ್ತೆರಡು ಚುಕ್ಕಿ.
ಆಕಿ ನನ್ನ ಕ್ಯಾಲ್ಕುಲೇಟರ್ ಇಸ್ಕೊಂಡು ಕಳದಳು.
‘ಇದರಾಗ ಸಾವಿರದ ಏಳನೂರಾ ನಲವತ್ತೆಂಟು ನಮ್ಮಪ್ಪಂದು.
ಉಳಿದ ಒಂದು ಲಕ್ಷ ಹತ್ತು ಸಾವಿರದ ನೂರಾ ಇಪ್ಪತ್ನಾಕು
ಯಾರವು, ಅಣ್ಣಾ?’

ಚಾ ತರಿಸಿದೆ.

‘ಇದ್ದಷ್ಟ ಹೊಡಿ’ ಅಂದಳು ಕಪ್ ಕೆಳಗಿಟ್ಟು.
ಇದ್ದಷ್ಟ ಹೊಡದೆ, ಒಂದು ಚುಕ್ಕಿಗೆ ಒಂದು ಇಂಚು.
ಇನ್ನೂ ಹಸಿ ಇದ್ದ ಎಡಗಣ್ಣಿನ ಮ್ಯಾಲ ಹೆಬ್ಬೆಟ್ಟು ಇಟ್ಟು ನೋಡಿದೆ,
ಒಂದು ಮನಿ ಮುಚ್ಚಿತು, ಮೂರು ನನ್ನ ನೋಡಿದವು.
ಮಾರಿ ಅಲ್ಲ ಅದು, ಕಂದು, ಬೂದಿ, ಕಾವಿ ಚೌಕ,
ಮಗ್ಗಕ್ಕ ಹಾಕೂ ಮೊದಲು ಯಾರೋ ಗುರ್ತು ಮಾಡಿಟ್ಟ ಹಾಳಿ.
ಇಂಥಾ ಕೆಲಸಕ್ಕ ರೊಕ್ಕ ಕೇಳಬಾರದು ಅನಿಸ್ತು.
ಕೇಳಿದೆ. ಅರ್ಧ ಕೊಟ್ಟಳು, ಅರ್ಧ ಸೋಮವಾರ.

ಓಣಿ ತುದಿಗೆ ಕಟ್ಟಿದ್ವಿ.
ಕೆಳಗ ನಿಂತ ಹುಡುಗರು ‘ಲೂಡೋ ಬೋರ್ಡ್ ಐತಲೇ’ ಅಂತ ನಕ್ರು.
ಬೈಯಾಕ ಬಾಯಿ ತಗದಾಂವ ಸುಮ್ಮನಾದೆ, ಅವರು ಹೇಳಿದ್ದು ಖರೇನ ಇತ್ತು.
ಹಗ್ಗದ ಕಡಿ ತುಂಡು ಸುತಗೋತ ಹಿಂದ ಹಿಂದ ಸರದೆ,
ಹತ್ತು ಹೆಜ್ಜಿ, ಇಪ್ಪತ್ತು,
ಗಿರಣಿ ಗ್ವಾಡಿಗೆ ಬೆನ್ನು ತಾಗಿದಾಗ ತಿರುಗಿ ನೋಡಲಿಲ್ಲ.

ಅಲ್ಲೇ ಬಾಜೂಕ, ಮನಿ ಕಟ್ಟಿ ಮ್ಯಾಲ,
ರುಕ್ಮಾಬಾಯಿ ಕುಂತಿದ್ಲು.
ಎರಡೂ ಕಣ್ಣಿಗೆ ಪೊರಿ, ಆಪರೇಷನ್ ದೀಪಾವಳಿ ಆದ ಮ್ಯಾಲ.
ಏನು ಕಟ್ಟೇವಿ ಅಂತ ಯಾರೂ ಆಕಿಗೆ ಹೇಳಿರಲಿಲ್ಲ.
ಓಣಿ ತುದಿ ಕಡೆ ಒಂದು ಸಲ ಮಾರಿ ಎತ್ತಿದಳು,
ಸೆರಗು ತಲಿ ಮ್ಯಾಲ ಎಳಕೊಂಡಳು.